ಶ್ರೀ ಅರಳುಮರಳು ರಾಯರ ಸನ್ನಿಧಿಗೆ

ಶಿರಾಲಿ, ಭಟ್ಕಳ ತಾಲೂಕು

ತೀರ್ಥರೂಪ ಸಮಾನರಾದ ಶ್ರೀ ಅರಳುಮರಳು ರಾಯರಿಗೆ, ಶಿರಾಲಿಯಿಂದ ಐವತ್ತೆಂಟು ತುಂಬಿದ ಬಡಪಾಯಿಯೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಇಲ್ಲಿ ನಾವು ಹೇಗೋ ಇದ್ದೇವೆ. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ನಮ್ಮ ಆಸುಪಾಸಿನಲ್ಲೇ ಐದು ಮನೆಗಳಲ್ಲಿ ತಮ್ಮ ಬಿಡಾರವಿದೆ, ಐದರಲ್ಲೂ ಊಟ ತಿಂಡಿಗೆ ಕೊರತೆಯಿಲ್ಲ.

ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರ ಅರವತ್ತಕ್ಕೆ ನಿವೃತ್ತನಾಗುತ್ತಾನೆ. ತಾವು ಅರವತ್ತಕ್ಕೇ ಸೇವೆಗೆ ಹಾಜರಾಗುವವರು. ‘ಅರವತ್ತಕ್ಕೆ ಅರಳುಮರಳು’ ಎಂಬ ನೇಮಕಾತಿ ಆದೇಶವನ್ನು ಯಾವ ಕಾಲದಲ್ಲಿ ಯಾರು ಹೊರಡಿಸಿದರೋ, ಇಂದಿಗೂ ಯಾರೂ ಅದನ್ನು ಪ್ರಶ್ನಿಸಿಲ್ಲ. ಬೇಂದ್ರೆಯವರ ‘ಅರಳು ಮರಳು’ ಸಂಕಲನಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕವಿಯ ಕೈಯಲ್ಲಿ ಅಷ್ಟೆತ್ತರಕ್ಕೆ ಏರಿದ ಹೆಸರು ನಮ್ಮಂಥವರ ಬಾಯಲ್ಲಿ ಷರಾ ಆಗಿ ಉಳಿಯಿತು. ಮುದುಕರ ಯಾವ ಅರ್ಜಿಯ ಮೇಲಾದರೂ ಬರೆದು ಫೈಲು ಮುಚ್ಚಬಹುದಾದ ಷರಾ. ವೆಂಕಟಾಪುರ ಹೊಳೆಯಿಂದ ಒಂದು ಲೋಡು ಮರಳು ಎತ್ತಬೇಕಾದರೆ ಪರ್ಮಿಟ್ ತೋರಿಸು ಎನ್ನುತ್ತಾರೆ. ತಮ್ಮ ಮರಳಿಗೆ ಪರ್ಮಿಟ್ಟೂ ಬೇಡ, ಪಾಸೂ ಬೇಡ. ಯಾರ ಅಂಗಳದಲ್ಲಿ ಬೇಕಾದರೂ ಸುರಿದು ಹೋಗಬಹುದು.

ಹಾಗೆಂದು ತಮ್ಮ ಉಪಕಾರವನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ತಾವಿಲ್ಲದಿದ್ದರೆ ನಮ್ಮ ಜಿಲ್ಲೆಯ ಗತಿಯೇನು? ನರರೋಗದ ತಜ್ಞರನ್ನು ಕಾಣಬೇಕೆಂದರೆ ಶಿರಾಲಿಯವರು ಹೆದ್ದಾರಿ ಹಿಡಿದು ನೂರು ಕಿಲೋಮೀಟರಿನಷ್ಟು ದೂರ, ಉಡುಪಿ ಮಣಿಪಾಲದ ಕಡೆಗೆ ಹೋಗಬೇಕು. ಕುಮಟಾ ಹೊನ್ನಾವರದವರಿಗೆ ದಾರಿ ಇನ್ನೂ ಉದ್ದ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯತ್ತ ಓಡುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ, ನಮಗೂ ಒಂದು ದೊಡ್ಡಾಸ್ಪತ್ರೆ ಕೊಡಿ ಎಂದು ಇಡೀ ಉತ್ತರ ಕನ್ನಡ ಕೂಗಿಕೊಂಡಿತು. ಎದೆನೋವಿಗೆ, ಅಪಘಾತಕ್ಕೆ ಆ ದಾರಿ ಅನಿವಾರ್ಯ. ಆದರೆ ಒಂದೇ ಮಾತನ್ನು ನಾಲ್ಕು ಸಲ ಕೇಳುವ ಅಜ್ಜಿಗಾಗಿ ಯಾರು ಕಾರು ಗೊತ್ತುಮಾಡುತ್ತಾರೆ? ಅಲ್ಲಿ ತಾವು ಒದಗುತ್ತೀರಿ. ಫೀಸಿಲ್ಲ, ಸ್ಕ್ಯಾನಿಲ್ಲ, ಚೀಟಿ ಹಿಡಿದು ಸರದಿಯಲ್ಲಿ ಕಾಯಬೇಕಿಲ್ಲ. ಜಗುಲಿಯ ಮೇಲೆ ಕೂತ ಯಾರಾದರೂ ಕವಳ ಉಗಿದು ಬಂದು ತಮ್ಮ ಹೆಸರು ಹೇಳಿದರೆ ರೋಗನಿದಾನ ಮುಗಿಯಿತು.

ತಮ್ಮ ಐದು ಬಿಡಾರಗಳ ವರದಿಯನ್ನು ಒಪ್ಪಿಸುವುದಕ್ಕೆ ಈ ಪತ್ರ. ಹೆಸರುಗಳನ್ನು ಹೇಳುವುದಿಲ್ಲ. ತಾವೂ ಯಾರ ಹೆಸರನ್ನೂ ಕೇಳಿ ಒಳಗೆ ಬಂದವರಲ್ಲ.

ಮೊದಲನೆಯದು ಮಲ್ಲಿಗೆ ಅತ್ತೆಯ ಮನೆ. ಭಟ್ಕಳ ಮಲ್ಲಿಗೆ ಎಂದು ಊರೂರಿಗೆ ಹೋಗುವ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದ ಕೈ ಅದು. ಈಗಲೂ ಬುಟ್ಟಿ ಮುಂದಿಟ್ಟರೆ ಬೆರಳುಗಳು ತಾವಾಗಿಯೇ ಗಂಟು ಹಾಕುತ್ತವೆ, ಒಂದು ಮೊಗ್ಗೂ ತಲೆಕೆಳಗಾಗುವುದಿಲ್ಲ. ಆದರೆ ಎಷ್ಟು ಮೊಳ ಕಟ್ಟಿದೆ, ಯಾರಿಗೆ ಕೊಟ್ಟೆ, ದುಡ್ಡು ಬಂತೇ ಎಂಬುದು ನಿಲ್ಲುವುದಿಲ್ಲ. ‘ಹೂವಿನವ ಬಂದು ಹೋದನೇನೆ?’ ಎಂದು ಹತ್ತು ನಿಮಿಷಕ್ಕೊಮ್ಮೆ ಸೊಸೆಯನ್ನು ಕೇಳುತ್ತಾರೆ. ದುಡ್ಡನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಕಳವಾಯಿತೆಂದು ಅದೇ ಸೊಸೆಯ ಮೇಲೆ ಹೊರಿಸುತ್ತಾರೆ. ಐವತ್ತು ವರ್ಷ ನಡೆದ ಚಿತ್ರಾಪುರದ ರಥಬೀದಿಯಲ್ಲಿ ಒಂದು ಸಂಜೆ ಮನೆಯ ದಾರಿ ತಪ್ಪಿ ನಿಂತಿದ್ದರು. ಇದು ಮೂರು ವರ್ಷಗಳಿಂದ ಒಂದೇ ಸಮನೆ, ಸದ್ದಿಲ್ಲದೆ, ಇಳಿಜಾರಿನಲ್ಲಿ ಹೊಳೆಗೆ ಇಳಿದಂತೆ ಸಾಗಿದೆ.

ರಾಯರೇ, ಈ ಮನೆಯ ಬಾಡಿಗೆದಾರನ ನಿಜನಾಮ ಅಲ್‌ಝೈಮರ್ ಎಂದು ಕಾಣುತ್ತದೆ. ಹೊಸ ನೆನಪನ್ನು ದಾಖಲೆ ಪುಸ್ತಕಕ್ಕೆ ಏರಿಸುವ ಒಂದು ಗುಮಾಸ್ತೆ ಕಚೇರಿ ಮೆದುಳಿನ ಒಳಮಡಿಕೆಯಲ್ಲಿದೆ. ಅದರ ಆಕಾರ ಕಡಲಕುದುರೆಯಂತೆ ಇದೆಯೆಂದು ಅದಕ್ಕೆ ಹಿಪೊಕ್ಯಾಂಪಸ್ ಎಂದು ಹೆಸರಿಟ್ಟರು. ಅಲ್‌ಝೈಮರ್ ಮೊದಲು ಬೀಗ ಹಾಕುವ ಕಚೇರಿಗಳಲ್ಲಿ ಇದೊಂದು. ಹಳೆಯ ಕಡತಗಳು ಬೇರೆ ಕಪಾಟಿನಲ್ಲಿರುವುದರಿಂದ ಅತ್ತೆಗೆ ಎಳವೆಯಲ್ಲಿ ದೋಣಿಯಲ್ಲಿ ಹೊಳೆ ದಾಟಿದ್ದು ನೆನಪಿದೆ, ಬೆಳಗಿನ ದೋಸೆ ನೆನಪಿಲ್ಲ. ಬೆರಳಿನ ಗಂಟು ಇನ್ನೊಂದೇ ಇಲಾಖೆ, ಅಲ್ಲಿಗೆ ಬೆಂಕಿ ತಲುಪುವುದು ತಡವಾಗಿ. ನನಗೂ ಹೆಸರುಗಳು ಮರೆಯುತ್ತವೆ, ರಾತ್ರಿ ಮಲಗಿದಾಗ ಥಟ್ಟನೆ ಹೊಳೆಯುತ್ತವೆ. ಅದು ವಯಸ್ಸು. ಮದುವೆಮನೆಯಲ್ಲಿ ಪಕ್ಕದಲ್ಲಿ ಉಂಡವರ ಹೆಸರು ಮರೆತರೆ ಚಿಂತೆಯಿಲ್ಲ. ಮದುವೆಗೆ ಹೋಗಿದ್ದೇ ಮರೆತು, ಫೋಟೋ ತೋರಿಸಿದರೂ ನೆನಪಾಗದಿದ್ದರೆ ಅದನ್ನು ವಯಸ್ಸಿನ ಖಾತೆಗೆ ಬರೆಯಬಾರದು.

ಎರಡನೆಯದು ಮಾಸ್ತರ ಮನೆ. ಬಿ.ಪಿ., ಸಕ್ಕರೆ ಎರಡೂ ಇರುವ ನಿವೃತ್ತ ಮುಖ್ಯೋಪಾಧ್ಯಾಯರು. ಒಂದು ಬೆಳಿಗ್ಗೆ ಅರ್ಧ ಗಂಟೆ ಮಾತು ತೊದಲಿತು, ಸರಿಯಾಯಿತು, ಎಲ್ಲರೂ ಮರೆತರು. ಆಮೇಲೆ ಬ್ಯಾಂಕಿನ ಚಲನ್ ತುಂಬುವುದು ಅವರಿಗೆ ದೊಡ್ಡ ಪರೀಕ್ಷೆಯಾಯಿತು. ಪ್ರಶ್ನೆ ಕೇಳಿದರೆ ಉತ್ತರ ಗೊತ್ತು, ಬರುವುದು ಮಾತ್ರ ತಡ. ಚೂರು ಸುಳಿವು ಕೊಟ್ಟರೆ ನೆನಪಾಗುತ್ತದೆ. ಆರು ತಿಂಗಳು ಹಾಗೇ ನಿಂತರು. ಮತ್ತೊಂದು ದಿನ ಎಡಗಾಲು ಎಳೆಯತೊಡಗಿತು, ಬುದ್ಧಿಯೂ ಒಂದು ಮೆಟ್ಟಿಲು ಇಳಿದು ಅಲ್ಲಿ ಕೂತಿತು. ಟಿವಿಯಲ್ಲಿ ಯಾರೋ ಅತ್ತರೆ ಇವರೂ ಬಿಕ್ಕುತ್ತಾರೆ.

ಇಲ್ಲಿ ಇಳಿಜಾರಿಲ್ಲ, ಮೆಟ್ಟಿಲುಗಳಿವೆ. ಮೆದುಳಿನ ಸಣ್ಣ ಸಣ್ಣ ರಕ್ತನಾಳಗಳು ಒಂದೊಂದಾಗಿ ಕಟ್ಟಿಕೊಂಡಾಗ ಬರುವ ಡಿಮೆನ್ಶಿಯಾ, ಅಂದರೆ ಬುದ್ಧಿ ಕುಂದುವ ಕಾಯಿಲೆ, ಇದು. ಎಲ್ಲರಲ್ಲೂ ಮೆಟ್ಟಿಲುಗಳು ಹೀಗೆ ಕಣ್ಣಿಗೆ ಕಾಣುವುದಿಲ್ಲ, ಕೆಲವರಲ್ಲಿ ಇದೂ ನಿಧಾನವಾಗಿಯೇ ಜಾರುತ್ತದೆ. ಮುಂದಿನ ಮೆಟ್ಟಿಲನ್ನು ತಡೆಯುವ ಮದ್ದು ಭಟ್ಕಳದ ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತದೆ, ಅದು ಬಿ.ಪಿ. ಮಾತ್ರೆ, ಸಕ್ಕರೆಯ ಮಾತ್ರೆ. ಆದರೆ ತಾವು ಬಿಡಾರ ಹೂಡಿದ ಮೇಲೆ ಮಾಸ್ತರ ಮನೆಯವರು ಆ ಮಾತ್ರೆಗಳ ವಿಷಯದಲ್ಲೇ ಉದಾಸೀನರಾದರು. ‘ಅರಳುಮರಳಾದವರಿಗೆ ಇನ್ನು ಮಾತ್ರೆ ನುಂಗಿಸಿ ಏನಾಗಬೇಕಿದೆ’ ಎಂದು ಅವರ ತಮ್ಮನೇ ಹೇಳಿದ್ದನ್ನು ನಾನು ಕೇಳಿದ್ದೇನೆ. ತಮ್ಮ ಕೀರ್ತಿ ಅಷ್ಟು.

ಮೂರನೆಯ ಬಿಡಾರ ಅಳ್ವೆಕೋಡಿಯ ಕಡೆ, ಕಡಲ ದಂಡೆಯಲ್ಲಿ. ಒಂದು ಕಾಲದಲ್ಲಿ ದೊಡ್ಡ ಬೋಟಿನ ತಾಂಡೇಲರಾಗಿದ್ದವರು. ಸಂಜೆಯಾದರೆ ಕೋಣೆಯ ಮೂಲೆಯಲ್ಲಿ ಇಬ್ಬರು ಮಕ್ಕಳು ಕೂತಿರುವುದು ಅವರಿಗೆ ಕಾಣುತ್ತದೆ. ಮಕ್ಕಳು ಮಾತಾಡುವುದಿಲ್ಲ, ಕೇಡೂ ಮಾಡುವುದಿಲ್ಲ, ಸುಮ್ಮನೆ ಕೂತಿರುತ್ತಾರೆ. ‘ಅವಕ್ಕೆ ಊಟ ಹಾಕಿದ್ರಾ?’ ಎಂದು ಕೇಳುತ್ತಾರೆ. ಒಂದು ದಿನ ಗಾಳಿ, ನೀರು, ಬಲೆ ಎಲ್ಲದರ ಲೆಕ್ಕವನ್ನೂ ಮೊದಲಿನಂತೆ ಹೇಳುತ್ತಾರೆ, ಮರುದಿನ ಅಂಗಿಯ ಗುಂಡಿ ತಿಳಿಯುವುದಿಲ್ಲ. ನಡಿಗೆ ಸಣ್ಣ ಹೆಜ್ಜೆಯದಾಗಿದೆ, ಕೈ ಬಿಗಿದಿದೆ. ಇದೆಲ್ಲ ಶುರುವಾಗುವ ಎಷ್ಟೋ ವರ್ಷ ಮೊದಲೇ ನಿದ್ದೆಯಲ್ಲಿ ಕೂಗಿ, ಕೈಕಾಲು ಬೀಸಿ, ಹೆಂಡತಿಗೆ ಒದೆಯುತ್ತಿದ್ದರಂತೆ. ಆಕೆ ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವ ಮಾತೇ ಅದು?

ಈ ಮನೆಯಲ್ಲಿ ತಮಗೆ ಒಬ್ಬ ಪಾಲುದಾರನೂ ಇದ್ದ. ತಾವು ಬುದ್ಧಿಯನ್ನು ವಹಿಸಿಕೊಂಡಿರಿ, ಮೂಲೆಯ ಮಕ್ಕಳನ್ನು ‘ಗಾಳಿ ಸೋಂಕು’ ವಹಿಸಿಕೊಂಡಿತು. ನೋಟ ಕೇಳಿಸಿದರು, ತಾಯತ ಕಟ್ಟಿಸಿದರು. ನಿಜವಾದ ಹೆಸರು ಲೂವಿ ಬಾಡಿ ಡಿಮೆನ್ಶಿಯಾ. 1912ರಲ್ಲಿ ಫ್ರೆಡ್ರಿಕ್ ಲೂವಿ ಎಂಬ ಜರ್ಮನ್ ವೈದ್ಯರು ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಕಂಡ ಪ್ರೋಟೀನಿನ ಉಂಡೆಗಳು ಇಲ್ಲಿಯೂ ಇರುತ್ತವೆ. ಇದರ ನಡೆ ಇಳಿಜಾರಿನಂತಲ್ಲ, ಮೆಟ್ಟಿಲಿನಂತಲ್ಲ, ಉಬ್ಬರ ಇಳಿತದಂತೆ. ತಾಂಡೇಲರಿಗೆ ಅರ್ಥವಾಗುವ ಭಾಷೆ. ಇದನ್ನು ಬೇರೆಯಾಗಿ ಗುರುತಿಸಲೇಬೇಕಾದ ಕಾರಣವೊಂದಿದೆ. ಇಲ್ಲದ ಮಕ್ಕಳು ಕಾಣುತ್ತಾರೆಂದು ಸಾಮಾನ್ಯವಾಗಿ ಕೊಡುವ ಹ್ಯಾಲೋಪೆರಿಡಾಲ್‌ನಂಥ ಔಷಧ ಈ ರೋಗಿಗಳಿಗೆ ವಿಷದಂತೆ ಎರಗಬಹುದು. ಮೈ ಮರದಂತೆ ಸೆಟೆದು, ನುಂಗಲೂ ಆಗದೆ, ಜೀವಕ್ಕೇ ಕುತ್ತು ಬರಬಹುದು. ನಮ್ಮ ತಾಂಡೇಲರೂ ಎಲ್ಲಿಯದೋ ಒಂದು ಮಾತ್ರೆ ನುಂಗಿ ಮೂರು ದಿನ ಹಲಗೆಯಂತೆ ಬಿದ್ದಿದ್ದರು. ಅದೇ ರೋಗಕ್ಕೆ, 1996ರಿಂದ ಅಲ್‌ಝೈಮರ್‌ಗೆ ಬಳಸುತ್ತಿರುವ ಡೊನೆಪೆಝಿಲ್ ಎಷ್ಟೋ ಸಲ ಚೆನ್ನಾಗಿ ಹಿಡಿಯುತ್ತದೆ. ಮೂಲೆಯ ಮಕ್ಕಳು ಎದ್ದು ಹೋಗುವುದೂ ಉಂಟು.

ನಾಲ್ಕನೆಯ ಮನೆಗೆ ತಾವು ಹೊಕ್ಕಿದ್ದು ಹಿತ್ತಿಲ ಬಾಗಿಲಿನಿಂದ. ಅಂಗಡಿಯವನಿಗೆ ಆಗ ಐವತ್ತನಾಲ್ಕು, ತಮ್ಮ ಹೆಸರು ಹಚ್ಚಲು ವಯಸ್ಸು ಸಾಲದು. ಹಾಗಾಗಿ ಊರು ಬೇರೆ ಹೆಸರುಗಳನ್ನು ಹುಡುಕಿತು: ಸೊಕ್ಕು, ಚಟ, ಹೆಂಡತಿಯ ಜಾತಕ. ಲೆಕ್ಕದಲ್ಲಿ ಚಿಲ್ಲರೆ ಪೈಸೆ ಬಿಡದ ಮನುಷ್ಯ ಗುರುತಿಲ್ಲದವರಿಗೆ ಸಾವಿರಗಟ್ಟಲೆ ಸಾಲ ಕೊಟ್ಟ. ಸಾವಿನ ಮನೆಯಲ್ಲಿ ನಗೆಚಾಟಿಕೆ ಮಾಡಿದ. ಪಕ್ಕದ ಎಲೆಯಿಂದ ಹೋಳಿಗೆ ಎತ್ತಿಕೊಂಡು ತಿಂದ. ಹೆಂಡತಿಗೆ ಜ್ವರ ಬಂದು ಮಲಗಿದರೆ ತಿರುಗಿಯೂ ನೋಡಲಿಲ್ಲ. ನೆನಪು? ನೆನಪು ಗಟ್ಟಿ! ಯಾರ ಬಾಕಿ ಎಷ್ಟೆಂದು ಆಗಲೂ ಹೇಳುತ್ತಿದ್ದ.

ಮೆದುಳಿನ ಮುಂಭಾಗ ಮತ್ತು ಪಕ್ಕದ ಹಾಲೆಗಳಿಂದ ಆರಂಭವಾಗುವ ಈ ಬಗೆಯನ್ನು ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಎನ್ನುತ್ತಾರೆ. ಹೆಚ್ಚಾಗಿ ಅರವತ್ತೈದರ ಒಳಗಿನವರನ್ನೇ ಹಿಡಿಯುತ್ತದೆ. ಮೊದಲು ಹೋಗುವುದು ನೆನಪಲ್ಲ, ನಾಚಿಕೆ, ಮರುಕ, ತಾಳ್ಮೆ. ಕೆಲವರಲ್ಲಿ ಮಾತೇ ಮೊದಲು ಸೋರುತ್ತದೆ. ಡೊನೆಪೆಝಿಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಕೆಲವರಲ್ಲಿ ಕಾಟ ಹೆಚ್ಚಿಸುತ್ತದೆ. ‘ಮರೆಗುಳಿ ಕಾಯಿಲೆ’ ಎಂದು ನಾವು ಕನ್ನಡದಲ್ಲಿ ಒಟ್ಟಾಗಿ ಕರೆಯುವ ಹೆಸರೇ ಈ ಮನೆಯ ದಾರಿ ತಪ್ಪಿಸಿತು. ಮರೆವಿಲ್ಲದವನಿಗೆ ಮರೆಗುಳಿ ಕಾಯಿಲೆ ಇದೆಯೆಂದು ಯಾರಿಗೆ ಹೊಳೆಯಬೇಕು? ಅವನು ಕೆಟ್ಟವನಾದ ಎಂದುಕೊಂಡರು. ಅವನ ಹೆಂಡತಿ ನಾಲ್ಕು ವರ್ಷ ತಲೆ ತಗ್ಗಿಸಿಕೊಂಡು ಓಡಾಡಿದಳು.

ಅರವತ್ತರ ಗಡಿಯ ಮಾತು ಬಂತಲ್ಲ, ತಮ್ಮ ವಂಶವೃಕ್ಷದ ಒಂದು ಕಥೆ ನೆನಪಿಸುತ್ತೇನೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ ಹೆಂಗಸನ್ನು ಕರೆತಂದರು. ಅಲೋಯಿಸ್ ಅಲ್‌ಝೈಮರ್ ಎಂಬ ವೈದ್ಯ ಆಕೆಯನ್ನು ಪ್ರಶ್ನಿಸಿ ಉತ್ತರಗಳನ್ನು ಬರೆದಿಟ್ಟ. ಆಕೆ ಸತ್ತ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1906ರಲ್ಲಿ ಸಭೆಯೊಂದರಲ್ಲಿ ವರದಿ ಮಾಡಿದ. 1910ರಲ್ಲಿ ಮನೋವೈದ್ಯ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಆ ರೋಗಕ್ಕೆ ಅಲ್‌ಝೈಮರ್ ಹೆಸರು ಕೊಟ್ಟರು. ಆಸ್ಪತ್ರೆಗೆ ಬಂದಾಗ ಆಕೆಯ ವಯಸ್ಸು ಐವತ್ತೊಂದು. ಪುಸ್ತಕದ ಮೊದಲ ಹೆಸರೇ ತಮ್ಮ ಅರವತ್ತರ ನಿಯಮವನ್ನು ಮುರಿದಿದೆ. ಇತ್ತ ಅರವತ್ತು ದಾಟಿದವರ ಲೆಕ್ಕ ಹಿಡಿದರೂ ತಮ್ಮ ಗಾದೆ ನಿಲ್ಲುವುದಿಲ್ಲ. ದೇಶದಾದ್ಯಂತ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ ಅರವತ್ತು ಮೀರಿದವರಲ್ಲಿ ಡಿಮೆನ್ಶಿಯಾ ಇರುವುದು ಶೇಕಡಾ 7.4 ಮಂದಿಗೆ, ಅಂದಾಜು 88 ಲಕ್ಷ ಜನ. ನೂರರಲ್ಲಿ ತೊಂಬತ್ತೆರಡು ಮಂದಿಯ ಮೇಲೆ ತಾವು ಹೊರಿಸಿದ್ದು ಸುಳ್ಳು ಆಪಾದನೆ. ಉಳಿದವರಿಗೆ ಹೇಳಿದ್ದು ಅರ್ಧಸತ್ಯ.

ತಾವು ಹೇಳಬಹುದು: ‘ನನ್ನನ್ನು ಬಯ್ಯುವ ಆ ಡಾಕ್ಟರರ ಪರೀಕ್ಷೆ ಏನು ಮಹಾ?’ ಈ ಒಂದು ಅಂಶದಲ್ಲಿ ನಾನು ತಮ್ಮ ಪರ. 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ರಚಿಸಿದ ಮೂವತ್ತು ಅಂಕದ ಪ್ರಶ್ನಾವಳಿಯೊಂದು ಲೋಕವಿಖ್ಯಾತ. ಮಲ್ಲಿಗೆ ಅತ್ತೆಯನ್ನು ಎಲ್ಲೋ ಒಂದು ಕಡೆ ಅದರ ಮುಂದೆ ಕೂರಿಸಿದಾಗ ಜೊತೆಗೆ ನಾನಿದ್ದೆ. ಇವತ್ತು ತಾರೀಖು ಎಷ್ಟು ಎಂದರು. ಅತ್ತೆ ‘ಭಾದ್ರಪದ, ಚೌತಿ ಆಗಿ ಮೂರನೇ ದಿನ’ ಎಂದರು. ಸರಿಯಾಗಿಯೇ ಇತ್ತು, ಆದರೆ ಹಾಳೆಯಲ್ಲಿ ಆ ಉತ್ತರಕ್ಕೆ ಜಾಗವಿರಲಿಲ್ಲ. ನಾವು ಯಾವ ಮಹಡಿಯಲ್ಲಿದ್ದೇವೆ ಎಂದರು. ಹೆಂಚಿನ ಮನೆಯಲ್ಲೇ ಆಯುಷ್ಯ ಕಳೆದವರು ಸುತ್ತ ನೋಡಿದರು. ನೂರರಿಂದ ಏಳೇಳು ಕಳೆಯಿರಿ ಎಂದಾಗ ‘ಏಳು ಯಾಕೆ?’ ಎಂದು ಕೇಳಿದರು. ಹೂವಿನ ವ್ಯಾಪಾರದಲ್ಲಿ ಯಾರೂ ಏಳು ಕಳೆಯುವುದಿಲ್ಲ. ಕೊನೆಗೆ ಒಂದು ಕಾಗದ ಕೊಟ್ಟು, ಮಡಚಿ ನೆಲದ ಮೇಲೆ ಇಡಿ ಎಂದರು. ಅತ್ತೆ ಮಡಚಿದರು, ಕಣ್ಣಿಗೆ ಒತ್ತಿಕೊಂಡರು, ಮೇಜಿನ ಮೇಲೆ ಇಟ್ಟರು. ಕಾಗದ ಸರಸ್ವತಿ, ನೆಲಕ್ಕೆ ಹೇಗೆ ಇಡುವುದು? ಒಂದು ಅಂಕ ಹೋಯಿತು. ಕಾಯಿಲೆ ಇದ್ದದ್ದು ನಿಜ, ಆದರೆ ಆ ಅಂಕ ಕಳೆದದ್ದು ಕಾಯಿಲೆಯಲ್ಲ.

ಸಮಾಧಾನವೆಂದರೆ ಈ ಕೊರತೆಯನ್ನು ಬಲ್ಲವರು ಕೈಕಟ್ಟಿ ಕೂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ, ಓದು ಬರಹ ಬಾರದವರಿಗೂ ಒಗ್ಗುವಂಥ ಪರೀಕ್ಷೆಗಳ ಗಂಟು ಕಟ್ಟಿದ್ದಾರೆ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯನ್ನು ಆರಂಭಿಸಿ, ಜಿಲ್ಲಾಸ್ಪತ್ರೆಗಳಲ್ಲೇ ಮೆದುಳಿನ ಕ್ಲಿನಿಕ್ ತೆರೆಯುವ ಕೆಲಸಕ್ಕೆ ಇಳಿದಿದ್ದಾರೆ. ತಮಗೆ ಪ್ರತಿಸ್ಪರ್ಧಿಗಳು ಹುಟ್ಟುತ್ತಿದ್ದಾರೆ, ಎಚ್ಚರ.

ನಮ್ಮ ಕರಾವಳಿಯವರ ಬಳಿ ತಮ್ಮ ವಿರುದ್ಧ ಇನ್ನೊಂದು ಆಯುಧವೂ ಇದೆ, ಅದನ್ನು ನಾವೇ ಅರಿಯೆವು. ಶಿರಾಲಿಯಲ್ಲಿ ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ಕನ್ನಡ. ಭಟ್ಕಳ ಪೇಟೆಗೆ ಹೋದರೆ ನವಾಯತಿ, ಉರ್ದು. ಈಗ ನಿಮ್ಹಾನ್ಸಿನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ನೋಡದವರಲ್ಲೂ ಈ ಅಂತರವಿತ್ತು. ಮೀನು ಮಾರುವಾಗ ಮೂರು ಭಾಷೆಯಲ್ಲಿ ಚೌಕಾಸಿ ಮಾಡುವ ನಮ್ಮ ಹೆಂಗಸರು ಯಾವ ಯೋಗ ಶಿಬಿರಕ್ಕೂ ಹೋಗದೆ ಮೆದುಳಿಗೆ ಗರಡಿ ಸಾಧನೆ ಮಾಡಿಸಿದ್ದಾರೆ.

ಆದರೆ ತಡವಾಗುವುದು ಬೇರೆ, ತಪ್ಪುವುದು ಬೇರೆ. ರಾತ್ರಿ ನಮ್ಮ ತೆಂಗಿನ ತೋಟಗಳ ಆಚೆ ಕೂಗುವ ಕೊಂಕಣ ರೈಲು ನನಗೆ ದಿನವೂ ಅದನ್ನು ಹೇಳುತ್ತದೆ. 1990ರಲ್ಲಿ ಆ ರೈಲು ನಿಗಮ ಹುಟ್ಟಿದಾಗ ರೈಲ್ವೆ ಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಹತ್ತರಷ್ಟು ಭಾಷೆ ಬಲ್ಲವರು, ಅವುಗಳಲ್ಲಿ ಕೊಂಕಣಿ, ತುಳು, ಕನ್ನಡ ಮೂರೂ ಸೇರಿದ್ದವು. ಒಂದು ಮಾತಿಗೆ ಮುಂಬಯಿಯ ಚಲನೆಯನ್ನೇ ನಿಲ್ಲಿಸುತ್ತಿದ್ದ ಆ ಬಾಯಿಯನ್ನು ಅಲ್‌ಝೈಮರ್ ವರ್ಷಗಟ್ಟಲೆ ಮುಚ್ಚಿಸಿತು. 2019ರ ಜನವರಿಯಲ್ಲಿ ತೀರಿಕೊಂಡರು. ಅವರಿಗೆ ಅರಳುಮರಳು ಎಂದು ಯಾರೂ ಅನ್ನಲಿಲ್ಲ, ಕಾಯಿಲೆ ಎಂದರು. ದೊಡ್ಡವರಿಗೆ ಕಾಯಿಲೆ ಬರುತ್ತದೆ, ನಮ್ಮ ಮನೆಯ ಹಿರಿಯರಿಗೆ ತಾವು ಬರುತ್ತೀರಿ.

‘ಹೆಸರು ಗೊತ್ತಾಗಿ ಏನಾಗಬೇಕು, ಗುಣಪಡಿಸುವ ಮದ್ದಿಲ್ಲವಲ್ಲ’ ಎನ್ನುವುದು ತಮ್ಮ ಕೊನೆಯ ವಾದ. ಮಾಸ್ತರಿಗೆ ಬಿ.ಪಿ. ಮಾತ್ರೆಯಿಂದ, ತಾಂಡೇಲರಿಗೆ ಒಂದು ಮಾತ್ರೆ ಕೊಟ್ಟು ಇನ್ನೊಂದನ್ನು ಕೊಡದೆ ಇರುವುದರಿಂದ, ಅಂಗಡಿಯವನ ಹೆಂಡತಿಗೆ ತಲೆ ಎತ್ತಿ ನಡೆಯುವುದರಿಂದ ಏನಾಗುತ್ತದೆಂದು ಮೇಲೆ ಹೇಳಿದೆ. ವಯಸ್ಸು ಏರಿದಂತೆ ಎರಡು ಬಗೆ ಒಂದೇ ತಲೆಯಲ್ಲಿ ಒಟ್ಟಿಗೆ ಸಂಸಾರ ಹೂಡುವುದೂ ಮಾಮೂಲು, ಆಗ ಮಿಶ್ರ ಎನ್ನುತ್ತಾರೆ. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ. ತಮ್ಮ ಕೊಡೆಯ ಕೆಳಗೆ ಯಾರು ಯಾರು ಅಡಗಿ ಕೂತಿದ್ದಾರೆ? ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಮಂಕು, ಕಿವುಡು, ಖಿನ್ನತೆ, ನಿದ್ದೆಮಾತ್ರೆಯ ಅಮಲು. ಮೂತ್ರದ ಸೋಂಕಿನಿಂದ ಎರಡೇ ದಿನದಲ್ಲಿ ಎದ್ದ ಗೊಂದಲ. ಬೇಸಿಗೆಯ ಬೆವರು, ಕೆಲವು ಬಿ.ಪಿ. ಮಾತ್ರೆ ಎರಡೂ ಸೇರಿ ಸೋಡಿಯಂ ಇಳಿದು ಬರುವ ಗೊಂದಲ. ಸಾಣಿಕಟ್ಟೆಯ ಉಪ್ಪಿನಾಗರ ಇರುವ ಸೀಮೆಯಲ್ಲಿ ಉಪ್ಪಿನಂಶ ಕಡಿಮೆಯಾಗಿ ಮನುಷ್ಯ ತಬ್ಬಿಬ್ಬಾಗುವುದೆಂದರೆ! ಮೆದುಳಿನೊಳಗೆ ನೀರು ತುಂಬಿ, ಕಾಲು ನೆಲಕ್ಕೆ ಅಂಟಿಕೊಂಡಂತೆ ನಡೆದು, ಮೂತ್ರದ ಹಿಡಿತ ತಪ್ಪಿ, ಬುದ್ಧಿ ಮಂದವಾಗುವ ಒಂದು ಬಗೆಯನ್ನು 1965ರಲ್ಲೇ ವೈದ್ಯರು ವಿವರಿಸಿದ್ದಾರೆ, ನಳಿಗೆ ಹಾಕಿ ಆ ನೀರಿಗೆ ದಾರಿ ಮಾಡಿಕೊಟ್ಟರೆ ಹಲವರು ಚೇತರಿಸಿಕೊಳ್ಳುತ್ತಾರೆ. ಇವರಲ್ಲಿ ಬಹುಪಾಲು ಮಂದಿಯನ್ನು ಹಿಡಿಯಲು ಒಂದು ಸಿರಿಂಜು ರಕ್ತ, ತಲೆಯ ಒಂದು ಸ್ಕ್ಯಾನ್, ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಲ, ಜೊತೆಗಿದ್ದು ನೋಡಿದವರ ಮಾತು ಸಾಕು.

ಇಲ್ಲಿಗೆ ಐದನೆಯ ಬಿಡಾರದ ಮಾತು ಬಂತು. ಅದು ನನ್ನ ಮನೆ.

ಅಪ್ಪಯ್ಯನಿಗೆ ಎಂಬತ್ತೊಂದು. ಆಷಾಢದ ಮಳೆಗೆ ಅಂಗಳ ಹಾವಸೆಗಟ್ಟಿತ್ತು. ಅಡಿಕೆ ದಬ್ಬೆ ಹಾಸಿಸುತ್ತೇನೆ ಎಂದು ದಿನ ದೂಡಿದವನು ನಾನು. ಬಾವಿಕಟ್ಟೆಗೆ ಹೋಗುವಾಗ ಜಾರಿ ಬಿದ್ದರು. ತಲೆ ಕಟ್ಟೆಗೆ ಚೂರು ತಾಗಿತು, ರಕ್ತ ಬರಲಿಲ್ಲ, ಎಣ್ಣೆ ಹಚ್ಚಿ ಮರೆತೆವು. ಚೌತಿಯ ಹೊತ್ತಿಗೆ, ಪ್ರತಿವರ್ಷ ಗಣಪತಿಯ ಮೇಲೆ ಫಲಾವಳಿ ಕಟ್ಟುವ ಮನುಷ್ಯ ಹಗ್ಗ ಹಿಡಿದು ಅದನ್ನೇ ನೋಡುತ್ತ ಕೂತರು. ಮಧ್ಯಾಹ್ನವೆಲ್ಲ ತೂಕಡಿಕೆ. ಮಾತು ಕಡಿಮೆಯಾಯಿತು, ಆಡಿದರೆ ಒಂದೇ ಮಾತು. ಬಂದ ನೆಂಟರ ಮುಂದೆ ನಾನೇ ನಗುತ್ತ ಹೇಳಿದೆ: ‘ಅರಳುಮರಳು, ಮತ್ತೇನು. ಒಂದೇ ಮಾತನ್ನು ದಿನಕ್ಕೆ ಹತ್ತು ಸಲ ಹೇಳ್ತಾರೆ.’ ತಮ್ಮನ್ನು ಆಹ್ವಾನಿಸಿ ಮಣೆ ಹಾಕಿದವನು ನಾನೇ.

ನವರಾತ್ರಿಗೆ ನನ್ನ ತಂಗಿಯ ಮಗಳು ರಜೆಗೆ ಬಂದಳು. ನರ್ಸಿಂಗ್ ಓದುವ ಹುಡುಗಿ. ಅಜ್ಜನನ್ನು ಒಂದು ದಿನ ಸುಮ್ಮನೆ ಗಮನಿಸಿ ರಾತ್ರಿ ನನ್ನನ್ನು ಕೇಳಿದಳು. ‘ಮಾವ, ಇದು ಯಾವಾಗಿಂದ? ಮೊದಲು ಏನು ತಪ್ಪಿತು? ನಿಧಾನಕ್ಕೋ, ಒಮ್ಮೆಗೇನೋ?’ ನಾನು ಬೆರಳು ಎಣಿಸಿ ಸುಮಾರು ಒಂದು ತಿಂಗಳು ಎಂದೆ. ‘ಅದಕ್ಕೂ ಮೊದಲು ಅಜ್ಜ ಎಲ್ಲಾದರೂ ಬಿದ್ದಿದ್ರಾ?’ ಎಂದಳು. ಆಮೇಲೆ ತಡೆದು, ‘ಅದೆಲ್ಲ ಇರಲಿ, ಅಜ್ಜ ದಿನಕ್ಕೆ ಹತ್ತು ಸಲ ಹೇಳುವ ಮಾತು ಯಾವುದು?’ ಎಂದು ಕೇಳಿದಳು.

‘ತಲೆ ಒಂದು ಬದಿ ಭಾರ’ ಎಂಬುದು ಆ ಮಾತು.

ಮರುದಿನ ಬೆಳಗಾಗುವ ಮೊದಲು ದಕ್ಷಿಣದ ದಾರಿ ಹಿಡಿದೆವು. ವಯಸ್ಸಾದ ಮೇಲೆ ಮೆದುಳು ಚೂರು ಕುಗ್ಗಿರುತ್ತದಂತೆ, ಅದಕ್ಕೂ ಬುರುಡೆಗೂ ನಡುವಿನ ಸಣ್ಣ ರಕ್ತನಾಳಗಳು ಬಿಗಿದ ತಂತಿಯಾಗಿರುತ್ತವಂತೆ. ಸಣ್ಣ ಪೆಟ್ಟು ಸಾಕು, ಹನಿ ಹನಿಯಾಗಿ ರಕ್ತ ಸೋರಿ ವಾರಗಟ್ಟಲೆ ಕೂಡಿಕೊಂಡು ಮೆದುಳನ್ನು ಒತ್ತತೊಡಗುತ್ತದೆ. ಹೃದಯಕ್ಕೆಂದು ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ ಇನ್ನೂ ಸುಲಭ, ಅಪ್ಪಯ್ಯ ಅದನ್ನು ನುಂಗುತ್ತಿದ್ದರು. ಸ್ಕ್ಯಾನಿನಲ್ಲಿ ಬಲಬದಿಯಲ್ಲಿ ಅರ್ಧಚಂದ್ರ ಕಂಡಿತು. ಬುರುಡೆಗೆ ಸಣ್ಣ ತೂತು ಮಾಡಿ ಆ ರಕ್ತ ಹೊರಬಿಟ್ಟರು. ಮೂರನೆಯ ದಿನ ಅವರು ಕಣ್ಣರಳಿಸಿ ನನ್ನನ್ನು ನೋಡಿದರು. ಅರಳುವುದು ಎಂದರೇನೆಂದು ಆಗ ನನಗೆ ತಿಳಿಯಿತು. ‘ಹೇಳಿದ್ದೆನಲ್ಲೋ, ತಲೆ ಭಾರ ಅಂತ’ ಎಂದರು. ಸಿಟ್ಟಿರಲಿಲ್ಲ, ಮಾಹಿತಿಯಷ್ಟೇ ಕೊಟ್ಟರು.

ರಾಯರೇ, ಎಲ್ಲ ಮನೆಗೂ ಇಂಥ ಅದೃಷ್ಟ ಇರುವುದಿಲ್ಲ. ಅತ್ತೆ ಈ ವರ್ಷ ಸೊಸೆಯ ಹೆಸರನ್ನೂ ಮರೆತರು. ಅವರ ಇಳಿಜಾರಿನ ತುದಿಯಲ್ಲಿ ನರ್ಸಿಂಗ್ ಓದುವ ಯಾವ ಹುಡುಗಿಯೂ ಕಾದು ನಿಂತಿಲ್ಲ. ಆದರೆ ಕಳವಿನ ಮಾತು ಕಾಯಿಲೆಯದು, ಅತ್ತೆಯದಲ್ಲ ಎಂದು ತಿಳಿದ ಮೇಲೆ ಆ ಸೊಸೆ ಅಕ್ಕಿ ಡಬ್ಬಿಯಿಂದ ದುಡ್ಡು ತೆಗೆದು ಮಡಿಲಿಗೆ ಹಾಕಿ, ‘ಹೂವಿನವ ಕೊಟ್ಟು ಹೋದ’ ಎನ್ನುತ್ತಾಳೆ. ಮದ್ದಿಲ್ಲದ ಕಾಯಿಲೆಗೂ ಹೆಸರಿನಿಂದ ಇಷ್ಟು ಲಾಭವಿದೆ.

ನನಗೆ ಅರವತ್ತಕ್ಕೆ ಇನ್ನೆರಡು ವರ್ಷ. ಆದೇಶದಂತೆ ತಾವು ಬಂದು ಹಾಜರಾಗಬಹುದು, ಬಾಗಿಲು ಮುಚ್ಚಲು ನಾನು ಯಾರು? ಮಗಳಿಗೆ ಮಾತ್ರ ಒಂದು ಮಾತು ಹೇಳಿಟ್ಟಿದ್ದೇನೆ: ನಾನು ಒಂದೇ ಮಾತನ್ನು ಹತ್ತು ಸಲ ಹೇಳತೊಡಗಿದರೆ, ಎಷ್ಟು ಸಲ ಎಂದು ಎಣಿಸುವ ಮೊದಲು ಏನು ಹೇಳಿದೆ ಎಂದು ಕೇಳು.

ಇಂತಿ ತಮ್ಮ ಮಾಜಿ ಏಜೆಂಟ,
ಶಿರಾಲಿಯವ

ತಾ.ಕ.: ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ತೆಂಗಿನಕಾಯಿ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ಕೊನೆಯವರೆಗೂ ಕೇಳಿ, ‘ತಾರೀಖು ಹಾಕಲು ಮರೆತಿದ್ದೀಯಲ್ಲೋ’ ಎಂದರು.